ಯುದ್ಧದ ಮೇಲೆ ಊರು ಮತ್ತೆ ಊರಾದ ಬಗೆ

ಕುಣಿಗಲ್‌ನಿಂದ ನಾಗಮಂಗಲದ ಕಡೆಗೆ ಹೊರಟರೆ ಅಲ್ಲಲ್ಲಿ ತೆಂಗಿನ ತೋಟಗಳು ಕಾಣುತ್ತವೆ. ಈ ಸೀಮೆಯಲ್ಲಿ ಒಮ್ಮೆ ದನಕ್ಕೆ ಹಾಕಲು ಹಿಡಿ ಹುಲ್ಲಿಗೂ ಬರವಿತ್ತೆಂದರೆ ನಂಬುವುದು ಕಷ್ಟ. ಮೂರನೆಯ ಮೈಸೂರು ಯುದ್ಧವೆಂದರೆ ನಾವು ಮಕ್ಕಳಿಗೆ ಕೋಟೆ, ತೋಪು, ಸಂಧಿಯ ಪಾಠ ಮಾಡಿ ಮುಗಿಸುತ್ತೇವೆ. ರೈತನ ಬಣವೆ ಏನಾಯಿತೆಂದು ಯಾರೂ ಕೇಳುವುದಿಲ್ಲ.

1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿ ಬಂದಾಗ ಟಿಪ್ಪು ಸುಲ್ತಾನರ ಸವಾರರು ಅವನ ದಾರಿಯ ಮೇವನ್ನು ಸುಟ್ಟುಹಾಕಿದರು. ಎತ್ತುಗಳು ಸತ್ತವು. ಅವನು ತನ್ನ ಭಾರಿ ತೋಪುಗಳನ್ನು ತಾನೇ ನಾಶಮಾಡಿ ಹಿಂದಿರುಗಬೇಕಾಯಿತು. ತಂತ್ರ ಗೆದ್ದಿತು, ನಿಜ. ಆದರೆ ಸುಟ್ಟದ್ದು ಮೈಸೂರಿನ ರೈತರದೇ ಮೇವು. ಸುಲ್ತಾನರನ್ನು ಅಭಿಮಾನದಿಂದ ನೆನೆಯುವ ನಾವು ಇದನ್ನೂ ಹೇಳಬೇಕು.

ಹಿಂದಿರುಗುವಾಗ ಇಂಗ್ಲಿಷರು ಕುಣಿಗಲ್ ಸೀಮೆಯ ಹುಲಿಯೂರುದುರ್ಗವನ್ನು ಹಿಡಿದರು. ಪರಶುರಾಮ ಭಾವುವಿನ ಮರಾಠಾ ದಂಡು ಚಿಕ್ಕನಾಯಕನಹಳ್ಳಿಯನ್ನು ಲೂಟಿ ಮಾಡಿತು. ನಾಗಮಂಗಲದಲ್ಲಿ ತೆಂಗು, ಅಡಿಕೆಯ ಜಾತಿಯ ಒಂದೂವರೆ ಲಕ್ಷ ಮರಗಳು ನಾಶವಾದವೆಂದು ರೈಸ್ ಗೆಜೆಟಿಯರ್ ಹೇಳುತ್ತದೆ. ಬಸ್ಸಿನ ಬೋರ್ಡಿನಲ್ಲಿ ಎಂ.ಎನ್. ಕೋಟೆಯಾಗಿರುವ ಗುಬ್ಬಿ ತಾಲ್ಲೂಕಿನ ಮೂಗನಾಯಕನಕೋಟೆ ಗೊತ್ತಲ್ಲವೇ? ಅಲ್ಲಿನ ಜನ ಮಣ್ಣಿನ ಕೋಟೆಯೊಳಗಿಂದ ಮರಾಠರನ್ನು ಎದುರಿಸಿದ ಸಂಗತಿಯನ್ನು 1800ರಲ್ಲಿ ಈ ದಾರಿಯಲ್ಲಿ ಬಂದ ಬುಕಾನನ್ ಬರೆದಿಟ್ಟಿದ್ದಾನೆ.

1792ರ ಮಾರ್ಚ್‌ನಲ್ಲಿ ಸಂಧಿಯಾಯಿತು. ಅರ್ಧ ರಾಜ್ಯ ಹೋಯಿತು. ತುಮಕೂರು ಸೀಮೆ ಮೈಸೂರಿಗೇ ಉಳಿಯಿತು. ಜೊತೆಗೆ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ದಂಡ. ಅದರ ಹೊರೆ ಪ್ರಜೆಗಳ ಮೇಲೂ ಬಿತ್ತು. ಓಡಿಹೋದ ರೈತ ಇಂಥ ಹೊತ್ತಿನಲ್ಲಿ ಯಾವ ಧೈರ್ಯದಿಂದ ಮರಳಿಯಾನು?

ಇಲ್ಲಿ ಎರಡು ಮಾತುಗಳನ್ನು ಗಮನಿಸಿ: ಕೌಲು ಮತ್ತು ತಕಾವಿ. ಕನ್ನಡದ ಹಳ್ಳಿಗಳಲ್ಲಿ ಬಳಕೆಯಾದ ಇವೆರಡೂ ಅರಬ್ಬಿ ಮೂಲದವು. ಉರ್ದುವಿನಲ್ಲಿ ‘ಕೌಲ್’ ಎಂದರೆ ಕೊಟ್ಟ ಮಾತು. ‘ತಕಾವಿ’ಯೂ ‘ಕುವ್ವತ್’ ಅಂದರೆ ಬಲವೂ ಒಂದೇ ಧಾತುವಿನವು. ಯುದ್ಧಕ್ಕೆ ಮೊದಲೇ ಟಿಪ್ಪುವಿನ ಕಂದಾಯ ನಿಯಮಗಳಲ್ಲಿ ಇವೆರಡೂ ಇದ್ದವು. ಹತ್ತು ವರ್ಷ ಬೀಳುಬಿದ್ದ ಭೂಮಿಯನ್ನು ಕೌಲಿನ ಮೇಲೆ ಹಿಡಿದವನಿಗೆ ಮೊದಲ ವರ್ಷ ಕಂದಾಯವಿಲ್ಲ, ಎರಡನೆಯ ವರ್ಷ ಅರ್ಧ, ಮೂರನೆಯ ವರ್ಷದಿಂದ ಪೂರ್ತಿ. ನೇಗಿಲಿಗೆ ಗತಿಯಿಲ್ಲದವನಿಗೆ ತಕಾವಿ ಸಾಲ. ನನ್ನ ಮಟ್ಟಿಗೆ ಸುಲ್ತಾನರ ರಾಕೆಟ್ಟುಗಳಿಗಿಂತ ಈ ನಿಯಮವೇ ದೊಡ್ಡದು. ಆದರೆ ದಂಡದ ಹಣ ಎತ್ತಬೇಕಾದ ಸರ್ಕಾರಕ್ಕೆ ಕಂದಾಯ ಬಿಡುವುದು ಸುಲಭವಲ್ಲ.

ರಾಗಿಯೇನೋ ನಾಲ್ಕು ತಿಂಗಳಲ್ಲಿ ಕೈಗೆ ಬರುತ್ತದೆ. ಬಿತ್ತನೆ ಕಾಳು, ಒಂದು ಜೊತೆ ಎತ್ತು ಇದ್ದರೆ ಸಾಕು. ಕೆರೆ ಹಾಗಲ್ಲ. ಹೂಳು ತೆಗೆಯಲು, ಏರಿ ಕಟ್ಟಲು, ತೂಬು ಸರಿಪಡಿಸಲು ಊರೆಲ್ಲಾ ಸೇರಬೇಕು, ಊರೇ ಚದುರಿಹೋಗಿದ್ದರೆ ಯಾರು ಸೇರುತ್ತಾರೆ? ಕೆರೆಗಳ ದುರಸ್ತಿ ದೊಡ್ಡ ಪ್ರಮಾಣದಲ್ಲಿ ನಡೆದದ್ದು 1799ರ ನಂತರ, ದಿವಾನ್ ಪೂರ್ಣಯ್ಯನವರ ಕಾಲದಲ್ಲಿ.

ತೆಂಗಿನದು ಇನ್ನೂ ನಿಧಾನ. ಸಂಧಿಯಾದ ವರ್ಷದ ಮಳೆಗಾಲದಲ್ಲೇ ಯಾರಾದರೂ ಸಸಿ ನೆಟ್ಟಿದ್ದರೂ ಅದು ಕಾಯಿ ಬಿಡಲು ಏಳೆಂಟು ವರ್ಷ ಬೇಕು. ಅಷ್ಟರಲ್ಲಿ ಶ್ರೀರಂಗಪಟ್ಟಣ ಬಿದ್ದು, ಸುಲ್ತಾನರು ಶಹೀದರಾಗಿ, ಈ ಊರುಗಳಿಗೆ ಹೊಸ ಅಮಲ್ದಾರರು ಬಂದಾಗಿತ್ತು.