ಮಾದರಿ ವಿಶ್ವಸಂಸ್ಥೆ: ಮುಂಬಯಿಯ ವಿದ್ಯಾರ್ಥಿಗಳು ಮತ್ತು ಮೂಲನಿವಾಸಿಗಳ ನೆಲ

ವಿದ್ಯಾರ್ಥಿಗಳು ನಾನಾ ದೇಶಗಳ ಪ್ರತಿನಿಧಿಗಳಾಗಿ ಕುಳಿತು, ವಿಶ್ವಸಂಸ್ಥೆಯ ನಡಾವಳಿಯಂತೆ ವಾದಿಸಿ, ಠರಾವು ಬರೆದು, ಮತ ಹಾಕುವ ಕೂಟಕ್ಕೆ ಮಾದರಿ ವಿಶ್ವಸಂಸ್ಥೆ ಎಂದು ಹೆಸರು. ಮುಂಬಯಿಯ ಹುಡುಗ ಹುಡುಗಿಯರ ಬಾಯಲ್ಲಿ ಇದು ‘ಮನ್’. ನಗರದ ಕೆಥೆಡ್ರಲ್ ಆ್ಯಂಡ್ ಜಾನ್ ಕಾನನ್, ಧೀರೂಭಾಯಿ ಅಂಬಾನಿ ಮುಂತಾದ ಶಾಲೆಗಳು ಇಂಥ ಕೂಟಗಳನ್ನು ನಡೆಸುತ್ತ ಬಂದಿವೆ. 2011ರಲ್ಲಿ ಇಲ್ಲೇ ಹುಟ್ಟಿದ ಐಐಎಂಯುಎನ್ ಸಂಘಟನೆ ಇದನ್ನು ದೇಶದ ಬೇರೆ ಊರುಗಳಿಗೂ ಒಯ್ದಿತು.

ಇದರ ಬೇರು 1920ರ ದಶಕದಲ್ಲಿದೆ. ವಿಶ್ವಸಂಸ್ಥೆ ಹುಟ್ಟುವ ಮೊದಲೇ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳು ಅದರ ಪೂರ್ವಜವಾದ ರಾಷ್ಟ್ರಸಂಘದ ಅಧಿವೇಶನವನ್ನು ಅನುಕರಿಸುತ್ತಿದ್ದರು. ಅದೇ ದಶಕದ 1923ರಲ್ಲಿ ಉತ್ತರ ಅಮೆರಿಕದ ಮೂಲನಿವಾಸಿಗಳಾದ ಇರೊಕ್ವಾ ಒಕ್ಕೂಟದ ಮುಖಂಡ ಡೆಸ್ಕಾಹೆ ತನ್ನ ಜನರ ಸ್ವಾಧಿಕಾರವನ್ನು ಕೆನಡಾ ಕಸಿಯುತ್ತಿದೆ ಎಂದು ದೂರು ಹೊತ್ತು ಜಿನೀವಾಕ್ಕೆ ಹೋದ. ರಾಷ್ಟ್ರಸಂಘದ ಸಭೆಯಲ್ಲಿ ಅವನಿಗೆ ಮಾತಾಡಲು ಅವಕಾಶ ಸಿಗಲೇ ಇಲ್ಲ. ಸಭೆ ಸರ್ಕಾರಗಳದ್ದು, ಜನಾಂಗಗಳದ್ದಲ್ಲ ಎಂಬ ಆ ಕಟ್ಟಳೆಯೇ ವಿದ್ಯಾರ್ಥಿಗಳ ಕೂಟಕ್ಕೂ ಇಳಿದು ಬಂತು. ಮೂಲನಿವಾಸಿಗಳ ಕುರಿತ ಚರ್ಚೆಯ ಕುಂದು ಇಲ್ಲಿಂದಲೇ ಶುರುವಾಗುತ್ತದೆ.

ಈ ವಿಷಯ ಚರ್ಚೆಗೆ ಬಂದಾಗಲೆಲ್ಲ ಡೆಲಿಗೇಟುಗಳು ಮೊದಲು ಹಿಡಿಯಬೇಕಾದದ್ದು 2007ರ ಸೆಪ್ಟೆಂಬರ್ 13ರಂದು ಮಹಾಸಭೆ ಒಪ್ಪಿದ ಮೂಲನಿವಾಸಿಗಳ ಹಕ್ಕುಗಳ ಘೋಷಣೆಯನ್ನು. ವಿರುದ್ಧ ಮತ ಹಾಕಿದವು ನಾಲ್ಕೇ ದೇಶಗಳು: ಅಮೆರಿಕ, ಕೆನಡಾ, ಆಸ್ಟ್ರೇಲಿಯ, ನ್ಯೂಜಿಲೆಂಡ್. ನಾಲ್ಕೂ ವಲಸಿಗರು ಕಟ್ಟಿದ ದೇಶಗಳು, ನಾಲ್ಕೂ ಮುಂದೆ ನಿಲುವು ಬದಲಿಸಿದವು. ಅದಕ್ಕೂ ಮುನ್ನ, 2006ರ ಕೊನೆಯಲ್ಲಿ, ಆಫ್ರಿಕದ ದೇಶಗಳು ಕರಡನ್ನು ತಡೆಹಿಡಿದಿದ್ದವು. ಸ್ವಯಂ ನಿರ್ಣಯದ ಹಕ್ಕು ಕೊಟ್ಟರೆ ದೇಶ ಒಡೆದೀತು ಎಂಬುದು ಅವುಗಳ ಅಂಜಿಕೆ. ಆ ಅಂಜಿಕೆಗೆ ಉತ್ತರವಾಗಿ 46ನೆಯ ವಿಧಿಗೆ ದೇಶದ ಪ್ರಾದೇಶಿಕ ಅಖಂಡತೆಗೆ ಧಕ್ಕೆ ತರಬಾರದೆಂಬ ಮಾತು ಸೇರಿತು. ನುರಿತ ವಾದಿ ಈ ವಿಧಿಯನ್ನು ಬಾಯಿಪಾಠ ಮಾಡಿಕೊಂಡೇ ಬರುತ್ತಾನೆ. ಪಶ್ಚಿಮ ಸಹಾರದಂಥ ವಿವಾದಿತ ನೆಲದ ಚರ್ಚೆಯಲ್ಲೂ ಇದೇ ಎಳೆದಾಟ: 1963ರಿಂದ ವಿಶ್ವಸಂಸ್ಥೆಯ ಸ್ವಾಡಳಿತವಿಲ್ಲದ ಪ್ರದೇಶಗಳ ಪಟ್ಟಿಯಲ್ಲಿರುವ ಆ ನೆಲದ ಜನಮತಗಣನೆ ಇಂದಿಗೂ ನಡೆದಿಲ್ಲ.

ಭಾರತ ಘೋಷಣೆಯ ಪರವಾಗಿಯೇ ಮತ ಹಾಕಿತು. ಆದರೆ ನಮ್ಮಲ್ಲಿ ಎಲ್ಲರೂ ಮೂಲನಿವಾಸಿಗಳೇ ಎಂಬುದು ಅದರ ನಿಲುವು. ಭಾರತದ ಫಲಕ ಹಿಡಿದವರು ಸಭೆಯಲ್ಲಿ ಈ ನಿಲುವನ್ನೇ ಸಮರ್ಥಿಸಬೇಕು. ಸಭಾಂಗಣದಿಂದ ಹೊರಬಂದರೆ ಉತ್ತರ ಅಷ್ಟು ಸಲೀಸಲ್ಲ.

ಏಕೆಂದರೆ ಮುಂಬಯಿ ತಾನೇ ಆದಿವಾಸಿಗಳಿರುವ ನಗರ. ಗೋರೆಗಾಂವ್‌ನ ಆರೆ ಪ್ರದೇಶದಲ್ಲಿ, ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ ವಾರ್ಲಿ, ಮಲ್ಹಾರ್ ಕೋಳಿ, ಕಾತಕರಿ ಜನರ ಪಾಡಾಗಳಿವೆ, ಅಂದರೆ ಹಾಡಿಗಳಿವೆ. ಆರೆಯಲ್ಲಿ 1949ರ ಹೊತ್ತಿಗೆ ಹಾಲಿನ ಕಾಲನಿ ಕಟ್ಟಲು ಸರ್ಕಾರ ಹೊರಟಾಗಲೂ ಅಲ್ಲಿ ಪಾಡಾಗಳಿದ್ದವು. ಆರೆಯನ್ನು ಅರಣ್ಯವೆಂದು ಘೋಷಿಸಬೇಕೆಂಬ ಬೇಡಿಕೆ ಸೇರಿದಂತೆ ಹಲವು ಅರ್ಜಿಗಳನ್ನು ಮುಂಬಯಿ ಹೈಕೋರ್ಟ್ 2019ರ ಅಕ್ಟೋಬರ್ 4ರಂದು ತಳ್ಳಿಹಾಕಿತು. ಅದೇ ರಾತ್ರಿ ಮೆಟ್ರೊ ಕಾರ್ ಶೆಡ್ಡಿಗಾಗಿ ಅಲ್ಲಿನ ಮರಗಳಿಗೆ ಕೊಡಲಿ ಬಿತ್ತು. ಅಕ್ಟೋಬರ್ 7ರಂದು ಸುಪ್ರೀಂ ಕೋರ್ಟ್ ತಡೆಯುವಷ್ಟರಲ್ಲಿ 2,000ಕ್ಕೂ ಹೆಚ್ಚು ಮರಗಳು ಉರುಳಿದ್ದವು. ಕಾಲೇಜು ಹುಡುಗರು ಪ್ರತಿಭಟನೆಯಲ್ಲಿ ಆದಿವಾಸಿಗಳ ಜೊತೆ ನಿಂತರು, ಬಂಧನಕ್ಕೂ ಒಳಗಾದರು. ಮುಂದೆ ಸರ್ಕಾರಗಳು ಬದಲಾದಂತೆ ಶೆಡ್ಡಿನ ಜಾಗವೂ ಬದಲಾಗಿ, ಕೊನೆಗೆ ಆರೆಯಲ್ಲೇ ನಿಂತಿತು. 2024ರ ಅಕ್ಟೋಬರ್‌ನಿಂದ ಆ ಶೆಡ್ಡಿನ ಮೆಟ್ರೊ ಮಾರ್ಗದಲ್ಲಿ ರೈಲು ಓಡುತ್ತಿದೆ.

2006ರ ಅರಣ್ಯ ಹಕ್ಕು ಕಾಯ್ದೆ ಕಾಡುವಾಸಿಗಳ ನೆಲದ ಹಕ್ಕನ್ನು ಮಾನ್ಯ ಮಾಡುತ್ತದೆ. ಆದರೆ ಹಕ್ಕಿನ ಅರ್ಜಿ ಗ್ರಾಮಸಭೆಯಿಂದಲೇ ಮೇಲೇಳಬೇಕು. ಮಹಾನಗರಪಾಲಿಕೆಯ ಎಲ್ಲೆಯೊಳಗಿನ ಪಾಡಾಕ್ಕೆ ಆ ಮೊದಲ ಮೆಟ್ಟಿಲೇ ತೊಡಕು. ಇಂಥ ಸೂಕ್ಷ್ಮಗಳು ವಿದ್ಯಾರ್ಥಿಗಳು ಅಮೆಜಾನ್ ಕಾಡಿನಂಥ ದೂರದ ನೆಲದ ಕುರಿತು ಬರೆಯುವ ಠರಾವಿನಲ್ಲಿ ಕಾಣುವುದಿಲ್ಲ.

ಭಾರತದ ಕೂಟಗಳು ವಿಶ್ವಸಂಸ್ಥೆಯ ಸಮಿತಿಗಳ ಜೊತೆಗೆ ಲೋಕಸಭೆಯನ್ನೂ ಸರ್ವಪಕ್ಷ ಸಭೆಯನ್ನೂ ಸೇರಿಸಿಕೊಂಡಿವೆ. ಇದು ಒಳ್ಳೆಯ ಬೆಳವಣಿಗೆ, ಮನೆಯ ವಿವಾದಗಳಿಗೂ ಅಲ್ಲಿ ಜಾಗ ಸಿಗುತ್ತದೆ. ಮುಂಬಯಿಯ ಕನ್ನಡ ಮಕ್ಕಳಿಗೆ ಬೆಳಗಾವಿ ಯಾವ ರಾಜ್ಯಕ್ಕೆ ಸೇರಬೇಕೆಂಬ ಕರ್ನಾಟಕ, ಮಹಾರಾಷ್ಟ್ರಗಳ ಗಡಿ ತಂಟೆ ಮನೆಯೊಳಗೇ ಕೇಳುವ ಮಾತು. ಈ ಗಡಿ ವಿವಾದಕ್ಕಾಗಿ 1966ರಲ್ಲಿ ನೇಮಕವಾದ ಮಹಾಜನ್ ಆಯೋಗ ಮರುವರ್ಷ ವರದಿ ಕೊಟ್ಟಿತು. ಕರ್ನಾಟಕ ಒಪ್ಪಿತು, ಮಹಾರಾಷ್ಟ್ರ ಒಪ್ಪಲಿಲ್ಲ. ಮಹಾರಾಷ್ಟ್ರ 2004ರಲ್ಲಿ ಹೂಡಿದ ದಾವೆ ಸುಪ್ರೀಂ ಕೋರ್ಟಿನಲ್ಲಿದೆ. ಎದುರು ಪಕ್ಷದ ಫಲಕ ಹಿಡಿದು ಅದರ ವಾದವನ್ನು ಪ್ರಾಮಾಣಿಕವಾಗಿ ಮಂಡಿಸುವುದು ಈ ವಿವಾದದಲ್ಲಿ ಎರಡೂ ಕಡೆಯ ಮಕ್ಕಳಿಗೆ ಬೇಕಾದ ಶಿಕ್ಷಣ.

ಡೆಸ್ಕಾಹೆಗೆ ಸಿಗದ ಅವಕಾಶವನ್ನು ನಿಜವಾದ ವಿಶ್ವಸಂಸ್ಥೆ ಒಂದಿಷ್ಟಾದರೂ ಒದಗಿಸಿದೆ. 2000ದಲ್ಲಿ ರಚನೆಯಾದ ಮೂಲನಿವಾಸಿ ವಿಷಯಗಳ ಕಾಯಂ ವೇದಿಕೆಯ 16 ಸದಸ್ಯರಲ್ಲಿ 8 ಮಂದಿ ಮೂಲನಿವಾಸಿ ಸಂಘಟನೆಗಳ ಸಲಹೆಯಂತೆ ಬರುವವರು. ಮುಂಬಯಿಯ ಸಂಘಟಕರು ಮುಂದಿನ ಕೂಟದಲ್ಲಿ ಈ ವೇದಿಕೆಯನ್ನೇ ಸಮಿತಿಯಾಗಿ ಆರಿಸಿಕೊಳ್ಳಲಿ, ಆರೆಯನ್ನು ಕಾರ್ಯಸೂಚಿಗೆ ತರಲಿ, ಪಾಡಾದ ಹಿರಿಯರನ್ನು ಮೊದಲು ಮಾತಾಡಲು ಕರೆಯಲಿ.