ಮೂಲದ ಓಡಾಟ

ವರ್ಗಸಮೀಕರಣ ಬಿಡಿಸಿದಾಗ ಸಿಗುವ ಉತ್ತರಕ್ಕೆ ಕನ್ನಡ ಪಠ್ಯಪುಸ್ತಕ ‘ಮೂಲ’ ಎನ್ನುತ್ತದೆ. ದೇವಸ್ಥಾನದ ಮೂಲವಿಗ್ರಹದಿಂದ ಹಿಡಿದು ವೈದ್ಯರ ಮುಂದೆ ದನಿ ತಗ್ಗಿಸಿ ಹೇಳಿಕೊಳ್ಳುವ ಮೂಲವ್ಯಾಧಿಯವರೆಗೆ ಎಲ್ಲ ಕಡೆ ಇರುವ ಈ ಪದ ಸಮೀಕರಣದೊಳಗೆ ಹೊಕ್ಕಿದ್ದು ಮಾತ್ರ ಸುತ್ತುದಾರಿಯಲ್ಲಿ.

ಆರ್ಯಭಟ 499ರ ಹೊತ್ತಿಗೇ ಗಣಿತದಲ್ಲಿ ‘ಮೂಲ’ ಎಂದು ಬಳಸಿದ್ದಾನೆ, ಆದರೆ ವರ್ಗಮೂಲ ಎಂಬರ್ಥದಲ್ಲಿ: 36ರ ಮೂಲ 6. ಬೇರು, ಬುಡ, ತಳ ಎಲ್ಲವೂ ಮೂಲವೇ. ಹಾಗಾಗಿ ಬ್ರಹ್ಮಗುಪ್ತನಂಥವರು ಅದನ್ನೇ ‘ಪದ’, ಅಂದರೆ ಪಾದ, ಎಂದೂ ಕರೆದರು.

ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಒಂದು ಬಗೆಯ ಲೆಕ್ಕಗಳಿಗೆ ‘ಮೂಲ’ ಎಂದೇ ಹೆಸರಿಟ್ಟ. ಒಂಟೆಗಳ ಹಿಂಡಿನ ಕಾಲುಭಾಗ ಕಾಡಿನಲ್ಲಿದೆ, ಹಿಂಡಿನ ವರ್ಗಮೂಲದ ಎರಡರಷ್ಟು ಬೆಟ್ಟಕ್ಕೆ ಹೋಗಿವೆ, ಹದಿನೈದು ನದೀತೀರದಲ್ಲಿವೆ. ಒಟ್ಟು ಎಷ್ಟು? ಕಾಡಿನವನ್ನು ಕಳೆದರೆ ಹಿಂಡಿನ ಮುಕ್ಕಾಲು ಪಾಲು ಎರಡು ಮೂಲ ಮತ್ತು ಹದಿನೈದಕ್ಕೆ ಸಮ. ಎಲ್ಲವನ್ನೂ ಮುಕ್ಕಾಲಿನಿಂದ ಭಾಗಿಸಿದರೆ ಹಿಂಡು ಎಂದರೆ 8/3 ಮೂಲ ಮತ್ತು 20. 8/3ರ ಅರ್ಧ 4/3. ಅದರ ವರ್ಗ 16/9ಕ್ಕೆ 20 ಕೂಡಿಸಿದರೆ 196/9. ಅದರ ವರ್ಗಮೂಲ 14/3. ಇದಕ್ಕೆ 4/3 ಸೇರಿಸಿದರೆ ಮೂಲ 6, ಹಿಂಡು 36. ಇಲ್ಲಿ ಮೂಲವನ್ನು ಹುಡುಕಿದ್ದು ಹಿಂಡು ತಿಳಿಯಲೆಂದು. ಕೇಳಿದ ಉತ್ತರ ಹಿಂಡು, ಮೂಲವಲ್ಲ. ಅವ್ಯಕ್ತದ, ಅಂದರೆ ತಿಳಿಯದ ಸಂಖ್ಯೆಯ, ಬೆಲೆಗೆ ನಮ್ಮ ಬೀಜಗಣಿತದವರು ಹೇಳುತ್ತಿದ್ದ ಮಾತೇ ಬೇರೆ: ‘ಮಾನ’.

ಹೆಚ್ಚುಕಡಿಮೆ ಅದೇ ಕಾಲದಲ್ಲಿ ಬಾಗ್ದಾದಿನ ಅಲ್-ಖ್ವಾರಿಜ್ಮಿ ಅವ್ಯಕ್ತವನ್ನೇ ‘ಜಿದ್ರ್’, ಅಂದರೆ ಬೇರು, ಎಂದ. ಅದರ ವರ್ಗ ‘ಮಾಲ್’. ನಮ್ಮ ಸಂತೆಯಲ್ಲಿ ಲಾರಿಯಿಂದ ಇಳಿಯುವ ಮಾಲು ಇದೇ ಅರಬ್ಬಿ ಪದ! ಒಂದು ಮಾಲು, ಹತ್ತು ಬೇರು ಕೂಡಿದರೆ 39, ಬೇರು ಎಷ್ಟು? ಮೂರು. ಜಿದ್ರ್ ನಮ್ಮ ‘ಮೂಲ’ದ ಅನುವಾದವೇ ಎಂದು ಗಣಿತ ಇತಿಹಾಸಕಾರ ಬಿಭೂತಿಭೂಷಣ ದತ್ತ 1927ರಲ್ಲಿ ವಾದಿಸಿದರು. ಅದನ್ನು ಒಪ್ಪಲಿ ಬಿಡಲಿ, ಅರ್ಥ ಬೆಳೆದದ್ದು ಅಲ್ಲಿಯೇ ಎನ್ನುವುದು ನನಗೆ ಮುಖ್ಯ.

ಹನ್ನೆರಡನೇ ಶತಮಾನದ ಸ್ಪೇನಿನಲ್ಲಿ ಅರಬ್ಬಿ ಗ್ರಂಥಗಳು ಲ್ಯಾಟಿನ್ನಿಗೆ ಬಂದಾಗ ಜಿದ್ರ್ ‘ರಾಡಿಕ್ಸ್’ ಆಯಿತು. ಇಂಗ್ಲಿಷಿನ ರ‍್ಯಾಡಿಶ್ ಕೂಡ ಅದರದೇ ಸಂತಾನ. ಇತ್ತ ಸಂಸ್ಕೃತದ ಮೂಲದಿಂದ ಮೂಲಕ, ಅಂದರೆ ನಮ್ಮ ಸಾಂಬಾರಿಗೆ ಬೀಳುವ ಮೂಲಂಗಿ. ಗಣಿತವೂ ಗೆಡ್ಡೆಯೂ ಎರಡು ಕಡೆಯಲ್ಲೂ ನೆಂಟರೇ. ಮುಂದೆ ಇಂಗ್ಲಿಷಿನಲ್ಲಿ ‘ರೂಟ್’ ಎಂದಾದದ್ದನ್ನು ನಮ್ಮ ಪಠ್ಯಪುಸ್ತಕಗಳು ‘ಮೂಲ’ ಎಂದು ಕನ್ನಡಕ್ಕೆ ತಂದವು, ಹೊಸ ಅರ್ಥದ ಸಮೇತ.

ಋಣಸಂಖ್ಯೆ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ಮೂಲವಿಲ್ಲ ಎಂದಿದ್ದ ಮಹಾವೀರ. ವರ್ಗಸಮೀಕರಣದ ಶೋಧಕ (b² − 4ac) ಋಣವಾದರೆ ವಾಸ್ತವ ಮೂಲಗಳಿಲ್ಲ ಎನ್ನುತ್ತದೆ ಹತ್ತನೇ ತರಗತಿಯ ಪುಸ್ತಕ. ಒಂದೇ ಮಾತಿನಂತೆ ಕೇಳಿಸಿದರೂ ಆತ ಹೇಳಿದ್ದು ವರ್ಗಮೂಲದ ವಿಷಯ, ಪುಸ್ತಕ ಹೇಳುತ್ತಿರುವುದು ಉತ್ತರದ ವಿಷಯ.