ಹನ್ನೆರಡನೇ ನಂಬರು

ನಮ್ಮ ಊರ ಕಡೆ ಕುಡಿತ ಬಿಡಿಸಲು ದೇವರ ಮುಂದೆ ಆಣೆ ಮಾಡಿಸುತ್ತಾರೆ, ಇಲ್ಲವೇ ಮದುವೆ ಮಾಡಿಸುತ್ತಾರೆ. ಆಸ್ಪತ್ರೆ ನೆನಪಾಗುವುದು ಕಣ್ಣು ಹಳದಿಯಾದ ಮೇಲೆ. ಸರ್ಕಾರದ ಕಾಗದಪತ್ರಗಳಿಗೂ ಇದು ಕಾಯಿಲೆ ಎನ್ನಿಸಲು ಬಹಳ ಕಾಲ ಹಿಡಿಯಿತು. 1987ರ ಮಾನಸಿಕ ಆರೋಗ್ಯ ಕಾಯ್ದೆ ತೆಗೆದು ನೋಡಿದೆ. ಯಾರಿಗೆಲ್ಲ ಪ್ರತ್ಯೇಕ ಆಸ್ಪತ್ರೆ ತೆರೆಯಬಹುದು ಎಂಬ ಪಟ್ಟಿಯಲ್ಲಿ ಮೊದಲು ಹದಿನಾರು ತುಂಬದವರು, ಆಮೇಲೆ ಕುಡಿತ ಮತ್ತು ಮಾದಕ ವಸ್ತುಗಳ ಚಟ ಹತ್ತಿದವರು, ಅವರ ಬೆನ್ನಿಗೇ ಶಿಕ್ಷೆಯಾದ ಅಪರಾಧಿಗಳು! ವಿಮೆಯ ಮಾತೇ ಇಲ್ಲ.

ಆ ದಶಕದಲ್ಲಿ ದಾರಿ ಮಾಡಿದ್ದು ಕೆಲವರ ಹಟ. 1980ರಲ್ಲಿ ಮದ್ರಾಸಿನಲ್ಲಿ ಶಾಂತಿ ರಂಗನಾಥನ್, 1986ರಲ್ಲಿ ನಾನೀಗಿರುವ ಪುಣೆಯಲ್ಲಿ ಮುಕ್ತಾಂಗಣ ಕಟ್ಟಿದ ಅನಿಲ್ ಮತ್ತು ಅನಿತಾ ಅವಚಟ್ ದಂಪತಿ. ಇವರಿಗೆ ಪು. ಲ. ದೇಶಪಾಂಡೆ ನೆರವಾದರು.

2017ರ ಹೊಸ ಕಾಯ್ದೆ ಮದ್ಯ, ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ತೊಂದರೆಗಳನ್ನೂ ಮನೋರೋಗವೆಂದೇ ಎಣಿಸಿತು. ದೇಹದ ಕಾಯಿಲೆಗೆ ಹೇಗೆ ವಿಮೆಯೋ ಮನಸ್ಸಿನದಕ್ಕೂ ಹಾಗೆಯೇ ಎಂದಿತು. 2018ರ ಆಗಸ್ಟಿನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಇದನ್ನು ಪಾಲಿಸುವಂತೆ ಕಂಪನಿಗಳಿಗೆ ತಿಳಿಸಿತು. ಆದರೆ ಮರುವರ್ಷ ಅದೇ ಪ್ರಾಧಿಕಾರ, ಪಾಲಿಸಿಯಿಂದ ಹೊರಗಿಡಬಹುದಾದ ಚಿಕಿತ್ಸೆಗಳಿಗೆ ಏಕರೂಪದ ಪಟ್ಟಿ ಮಾಡಿದಾಗ 12ನೇ ನಂಬರಿನಲ್ಲಿ ಬಂದದ್ದು ಕುಡಿತ, ಮಾದಕ ವಸ್ತು, ಯಾವುದೇ ಚಟ 'ಮತ್ತು ಅದರ ಪರಿಣಾಮಗಳು'. ಪರಿಣಾಮ ಎಂಬ ಪದದ ಹೊಟ್ಟೆ ದೊಡ್ಡದು, ಹಾಳಾದ ಲಿವರ್ ಕೂಡ ಅದರೊಳಗೆ ಹಿಡಿಸುತ್ತದೆ. ಅಪ್ಪನನ್ನು ಸೇರಿಸಿದಾಗ ನನ್ನ ಆಫೀಸಿನ ವಿಮೆ ಇತ್ತು. ಅಮ್ಮ ಬಳೆ ಅಡವಿಟ್ಟಳು.

ಬಡವರಿಗೆಂದು 2018ರ ಸೆಪ್ಟೆಂಬರಿನಲ್ಲಿ ಬಂದ ಆಯುಷ್ಮಾನ್ ಭಾರತ್ ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದಿದೆ ಎಂದೇ ಹೇಳಬೇಕು. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ಅದರ ಪ್ಯಾಕೇಜುಗಳಲ್ಲಿ ಅಮಲು ಪದಾರ್ಥಗಳಿಂದಾದ ಮಾನಸಿಕ ತೊಂದರೆಗಳೂ ಇವೆ. ಊರು ಬಿಟ್ಟು ದುಡಿಯುವವರ ಕಾರ್ಡು ಬೇರೆ ರಾಜ್ಯದಲ್ಲೂ ನಡೆಯುತ್ತದೆ. ಆದರೆ ಆಸ್ಪತ್ರೆಯಲ್ಲಿ ಅಡ್ಮಿಟ್ ಆದರಷ್ಟೇ ದುಡ್ಡು, ಹೊರರೋಗಿಗಳಿಗಿಲ್ಲ. ಚಟ ಬಿಡುವವರ ಕಷ್ಟ ಶುರುವಾಗುವುದೇ ಡಿಸ್ಚಾರ್ಜ್ ಆದ ಮೇಲೆ. ತಿಂಗಳುಗಟ್ಟಲೆ ಮಾತ್ರೆ, ಕೌನ್ಸೆಲಿಂಗ್, ಒಂದು ಹಬ್ಬದ ದಿನ ಮತ್ತೆ ಜಾರುವುದು, ಮತ್ತೆ ಮೊದಲಿನಿಂದ. 2019ರಲ್ಲಿ ಪ್ರಕಟವಾದ ಏಮ್ಸ್‌ನ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯದ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಕ್ಕಿತ್ತು.

12ನೇ ನಂಬರನ್ನು ಸೇರಿಸಲೇಬೇಕೆಂಬ ಕಡ್ಡಾಯವಿಲ್ಲ. ಪ್ರೀಮಿಯಂ ಎಷ್ಟು ಹೆಚ್ಚಾದರೆ ನಮ್ಮ ಗುಂಪು ವಿಮೆಯಿಂದ ಅದನ್ನು ತೆಗೆಸಬಹುದು ಎಂದು ಎಚ್‌ಆರ್‌ಗೆ ಬರೆದು ಕೇಳಿದ್ದೇನೆ. ನಿಮ್ಮ ಪಾಲಿಸಿಯಲ್ಲೂ ಒಮ್ಮೆ ನೋಡಿ.